ಎಡಮಗ್ಗುಲಿನ ಭಾರ

ನಗೋದಿದ್ರೆ ಈಗಲೇ ನಕ್ಕುಬಿಡಿ. ಆಮೇಲೆ ಮಧ್ಯದಲ್ಲಿ ಬೇಡ.

ಇದು ನನ್ನ ಚಿಕ್ಕಪ್ಪನ ಮಗಳು ಕೆರಿನ್‌ಗೂ ಅವಳ ಗಂಡ ಡಾರಿಲ್‌ಗೂ ಆಗಿದ್ದು. ಇಲ್ಲೇ, ಮೌಂಟ್ ಗ್ಯಾಂಬಿಯರ್‌ನಿಂದ ಅರ್ಧ ಗಂಟೆ ದಾರಿ.

ಅವತ್ತು ಕತ್ತಲಾಗಿ ಬಹಳ ಹೊತ್ತಾಗಿತ್ತು. ಇಬ್ಬರೂ ಬಾವಿಯಿಂದ ಮೇಲೆ ಬಂದು, ಕುರಿ ಬಯಲು ದಾಟಿ, ಗಾಡಿ ಕಡೆ ನಡೀತಿದ್ರು. ಬಾವಿ ಅಂದ್ರೆ ಯಾರೂ ತೋಡಿದ್ದಲ್ಲ. ಸುಣ್ಣಕಲ್ಲಿನ ನೆಲ ತಾನಾಗಿ ಕುಸಿದು ಬಾಯಿ ಬಿಟ್ಟಿದ್ದು. ಕೆಳಗೆ ತಿಳಿನೀರು, ನೀರೊಳಗೆ ಗುಹೆ. ನೀರಲ್ಲಿ ಮುಳುಗಿ ಆ ಗುಹೆಯ ನಕ್ಷೆ ಬರೆಯೋದು ಡಾರಿಲ್‌ನ ಹುಚ್ಚು. ಅವನ ಪಟ್ಟಿ, ಬಕಲ್ಲು, ಮುಳುಗೋಕೆ ಭಾರಕ್ಕೆ ಕಟ್ಟೋ ಸೀಸದ ಚೀಲ ಎಲ್ಲಾನೂ ಬಿಚ್ಚಿ ಅವನ ಮೈಗೆ ಒಗ್ಗೋ ಹಾಗೆ ಹೊಲಿಯೋದು ಕೆರಿನ್. ಕುದುರೆ ಜೀನು ಹೊಲಿದು ಪಳಗಿದ ಕೈ.

ಹೆಗಲ ಮೇಲಿನ ಗಾಳಿ ಸಿಲಿಂಡರುಗಳು ತಾಗಿ ಟಿಣ್... ಟಿಣ್... ಅಂತಿದ್ವು.

"ನೀರಲ್ಲಿ ಮತ್ತೆ ಎಡಕ್ಕೆ ವಾಲ್ತಿದ್ದೆ ನೀನು," ಅಂದ್ಲು ಕೆರಿನ್, ಮೆಲ್ಲಗೆ.

"ಗೊತ್ತು."

"ಹೊಟ್ಟೆ ಆ ಕಡೇನೇ ಬೆಳೀತಿದೆಯೇನೋ."

ಅವನು ನಗಲಿಲ್ಲ. "ವಾಲೋದಲ್ಲ ಕಣೇ ಅದು. ಯಾರೋ... ಜೋತುಬಿದ್ದ ಹಾಗೆ."

"ಇಲ್ಲಿ ಬೇಡ ಈ ಮಾತು. ನಡಿ."

ಮನೆಗೆ ಬಂದು ಅಂಗಿ ಬಿಚ್ಚಿದ್ರೆ, ಎಡ ಸೊಂಟದ ಮೇಲೆ ಪಟ್ಟಿ ಉಜ್ಜಿ ಚರ್ಮ ಕಿತ್ತುಹೋಗಿತ್ತು. ಬಲಗಡೆ ಒಂದು ಗೀರೂ ಇಲ್ಲ.

ಕೆರಿನ್ ಹಟಮಾರಿ. ಗಾಯದ ಜಾಗಕ್ಕೆ ಕುರಿಚರ್ಮದ ಮೆತ್ತೆ ಹೊಲಿದಳು. ಮೈಯ ಎಡ ಬಲಕ್ಕೆ ಕಟ್ಟೋ ಸಿಲಿಂಡರ್ ಅದಲು ಬದಲು ಮಾಡಿದಳು. ಊರಿನ ಈಜುಕೊಳದಲ್ಲಿ ಇಳಿಸಿ ನೋಡಿದಳು. ಅಲ್ಲಿ ಡಾರಿಲ್ ಮೇಜಿನ ಹಾಗೆ ಮಟ್ಟಸ. ಬಾವಿಗೆ ಇಳಿದರೆ ಎಡಕ್ಕೆ. ಬಲಸೊಂಟಕ್ಕೆ ಒಂದು ಕಿಲೋ ಸೀಸ ಕಟ್ಟಿದಳು. ಸಾಲಲಿಲ್ಲ. ಎರಡು ಕಟ್ಟಿದಳು. ಕೊನೆಗೆ ಸೀಸಕ್ಕೆ ಅಂತಲೇ ಬೇರೆ ಸೊಂಟಪಟ್ಟಿ ಮಾಡಿ, ಎರಡೆಳೆ ದಾರದಲ್ಲಿ ಎಂಟು ಸಾಲು ಹೊಲಿಗೆ ಹಾಕಿ, ಮೂರು ಕಿಲೋ ತುಂಬಿದಳು. ಆಗ ನೀರೊಳಗೆ ಅವನು ಮಟ್ಟಸವಾಗಿ ನಿಂತ.

"ನೋಡ್ದಾ?" ಅಂದಳಂತೆ. "ದೆವ್ವ ಅಲ್ಲ, ಲೆಕ್ಕ."

ಮುಂದಿನ ಭಾನುವಾರ ಇಬ್ಬರೂ ನಕ್ಷೆಗೆ ಉಳಿದಿದ್ದ ಗುಹೆಯ ಕೊನೆಯ ಸಂದಿಗೆ ನುಗ್ಗಿದರು. ಹೊಟ್ಟೆ ಕೆಳಗೆ ಕಲ್ಲು, ಬೆನ್ನ ಮೇಲೆ ಕಲ್ಲು. ಮುಂದೆ ಡಾರಿಲ್, ಹಿಂದೆ ಕೆರಿನ್. ಅವಳ ಒಂದು ಕೈ ದಾರಿ ತೋರೋ ಹಗ್ಗದ ಮೇಲೆ. ಉಸಿರು ಎಳೆದಾಗ ಸ್ಸ್ಸ್... ಬಿಟ್ಟಾಗ ಗುಳುಗುಳು. ಅಷ್ಟೇ ಸದ್ದು.

ಎಂಟು ಮೀಟರ್ ಒಳಗೆ ಹೋಗಿದ್ರು...

ಎಡಗಡೆ ಜೋತಿದ್ದದ್ದು ಕೈಬಿಟ್ಟಿತು.

ಡಾರಿಲ್ ಹೇಳಿದ್ದು ಹಾಗೇ. ಜಾರಲಿಲ್ಲ, ಹರೀಲಿಲ್ಲ... ಬಿಟ್ಟಿತು ಅಂತ. ಮರುಕ್ಷಣ ಬಲಗಡೆಯ ಮೂರು ಕಿಲೋ ಅವನನ್ನ ಮಗ್ಗುಲಾಗಿ ಉರುಳಿಸಿತು. ಬಲಗಡೆ ಸಿಲಿಂಡರ್ ಕಲ್ಲಿನ ಅಡಿಗೆ ಕಟಕ್ ಅಂತ ಸಿಕ್ಕಿಕೊಳ್ತು. ಹೂಳು ಎದ್ದಿತು. ಟಾರ್ಚ್ ಇದ್ದೂ ಇಲ್ಲದ ಹಾಗೆ. ಬಲಗೈ ಮೈ ಕೆಳಗೆ, ಎಡಗೈ ಹಗ್ಗದಲ್ಲಿ ತೊಡರಿತ್ತು. ಎದೆ ಅರ್ಧ ಹಿಗ್ಗಿದರೆ ಕಲ್ಲು ತಾಗೋದು. ಪೂರ್ತಿ ಉಸಿರು ಎಳೆಯೋಕೂ ಜಾಗ ಇಲ್ಲ.

ಕೆರಿನ್ ಹಿಂದಿನಿಂದ ಕೈ ಚಾಚಿದಳು. ಕಾಲು ಸಿಕ್ತು, ತೊಡೆ ಸಿಕ್ತು, ಬೆರಳ ತುದಿಗೆ ಸೊಂಟಪಟ್ಟಿ ಸಿಕ್ತು. ಚಾಕು ಹಾಕಿ ಕೊಯ್ದಳು. ಕರ್... ಕರ್... ತನ್ನದೇ ಹೊಲಿಗೆ, ಬಿಡ್ತಿಲ್ಲ. ಅಳ್ತಾ ಕೊಯ್ದೆ ಅಂತ ಆಮೇಲೆ ನನ್ನ ಹತ್ರ ಹೇಳಿದಳು.

ಅಷ್ಟರಲ್ಲಿ ಡಾರಿಲ್‌ಗೆ ಮುಂದಿನಿಂದ ಒಂದು ಸದ್ದು ಕೇಳ್ತು. ಟಿಕ್... ಅವನ ಹೆಗಲ ಬಕಲ್ಲು. ಟಿಕ್... ಎದೆಯ ಬಕಲ್ಲು. ನೀರಿಗಿಳಿಯೋ ಮುಂಚೆ ದಡದಲ್ಲಿ ಕೆರಿನ್ ಒಂದೊಂದಾಗಿ ಮುಟ್ಟಿ ನೋಡ್ತಾಳಲ್ಲ, ಹಾಗೇ. ನಿಧಾನಕ್ಕೆ. ಕೆರಿನ್ ಬಂದಳು ಅಂತ ಅವನಿಗೆ ಧೈರ್ಯ ಬಂತು. ಸುಮ್ಮನೆ ಮಲಗಿದ.

ಪಟ್ಟಿ ತುಂಡಾಯ್ತು. ಸೀಸ ದಬ್ ಅಂತ ಕೆಳಗೆ ಬಿತ್ತು. ಕಾಲು ಹಿಡಿದು ಎಳೆದಳು. ಬಂದ.

ದಡದಲ್ಲಿ ಇಬ್ಬರೂ ಹುಲ್ಲಿನ ಮೇಲೆ ಬಿದ್ದುಕೊಂಡಿದ್ರು. ಅವನು ಕೇಳಿದ.

"ಎದೆ ಬಕಲ್ಲು ಯಾಕೆ ಮುಟ್ಟಿದ್ದೆ?"

"ನಾನಾ?"

"ಮತ್ತಿನ್ಯಾರು?"

"ನನ್ನ ಕೈ ನಿನ್ನ ಸೊಂಟ ದಾಟಿಲ್ಲ ಡಾರಿಲ್..." ಅಂದಳು. "ಮುಂದಕ್ಕೆ ಬರೋಕೆ ಅಲ್ಲಿ ಜಾಗ ಎಲ್ಲಿತ್ತು?"

ಅವತ್ತಿಗೇ ಮುಗೀತು. ಇಬ್ಬರೂ ಮತ್ತೆ ಆ ಬಾವಿಗೆ ಇಳೀಲಿಲ್ಲ. ನಕ್ಷೆ ಅಲ್ಲಿಗೇ ನಿಂತಿದೆ.

ಮುಂದಿನ ಏಪ್ರಿಲ್‌ನಲ್ಲಿ ಅಡಿಲೇಡ್‌ನಿಂದ ಬಂದ ಇಬ್ಬರು ಮುಳುಗುಗಾರರು ಆ ಸಂದಿಯಲ್ಲಿ ಸಿಕ್ಕ ಪಟ್ಟಿ ತಂದು ಕೆರಿನ್ ಮನೆಗೆ ಕೊಟ್ಟುಹೋದರು. ಅವತ್ತು ನಾನು ಅಲ್ಲೇ ಇದ್ದೆ, ಟೀ ಕುಡೀತಿದ್ದೆ. ಅವಳದೇ ಎಂಟು ಸಾಲಿನ ಹೊಲಿಗೆ. ಚಾಕುವಿನ ಗುರುತೂ ಇತ್ತು. ಆದರೆ ಯಾರೋ ಪಟ್ಟಿಯನ್ನ ಸುತ್ತಿ, ಗಂಟು ಹಾಕಿ, ಉಂಗುರದ ಹಾಗೆ ಮಾಡಿದ್ರು. ಉಳಿದ ತುದಿಗಳು ಎರಡು ಬಾಲದ ಹಾಗೆ ಜೋತಿದ್ವು.

"ನೀವು ಗಂಟು ಹಾಕಿದ್ರಾ?" ಅಂತ ನಾನೇ ಕೇಳಿದ್ದೆ. ಇಲ್ಲ, ಸಿಕ್ಕಿದ್ದೇ ಹೀಗೆ ಅಂದ್ರು.

ಕೆರಿನ್ ಎದ್ದು ಒಳಗೆ ಹೋದಳು. ಟೇಪು ತಂದು ಉಂಗುರದ ಸುತ್ತಳತೆ ತೆಗೆದಳು. ಐವತ್ಮೂರು ಸೆಂಟಿಮೀಟರ್. ಆ ವಾರವಷ್ಟೇ ನಾನು ನನ್ನ ಕಿರಿಮಗಳಿಗೆ ಶಾಲೆಯ ಲಂಗ ಹೊಲಿಸಿದ್ದೆ. ಅವಳ ಸೊಂಟ ಐವತ್ಮೂರು. ಅವಳಿಗೆ ಆಗ ಆರು ವರ್ಷ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಟೇಪಿನ ಆ ತುದಿ ಹಿಡಿದಿದ್ದವಳು ನಾನು.