ಗೋಡೆಯ ಮೇಲೆ ಅಮ್ಮನ ಹೆಸರು

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಕ್ಕ, ಅವಳ ತಮ್ಮ ಕೂತಿದ್ದರು. ತಮ್ಮನ ಹೊಲಿಗೆ ಅಂಗಡಿಯ ಫೋಟೊ ಅಕ್ಕನ ಮೊಬೈಲಿನಲ್ಲಿತ್ತು.

“ಬಣ್ಣ ಇಟ್ಟಿಗೆ ಸಂದಿಗೂ ಇಳಿದಿದೆ. ಗೋಡೆ ಬಿರುಕು ಬಿಟ್ಟ ಕಡೆ ಅಮ್ಮನ ಹೆಸರೂ ಬಿರುಕು ಬಿಟ್ಟಿದೆ. ಭೇಷ್,” ಎಂದಳು ಅಕ್ಕ.

“ಮೊದಲು ಸ್ಟಿಕರ್ ಅಂಟಿಸಿದ ಹಾಗೆ ಕಾಣ್ತಿತ್ತು. ಆಮೇಲೆ ಕಂಪ್ಯೂಟರಲ್ಲೇ ಅಕ್ಷರಾನ ಗೋಡೆ ಜೊತೆ ಬೆರೆಸಿ, ಅಂಚು ಸವೆಸಿ, ಮರದ ನೆರಳನ್ನೂ ಬೀಳಿಸಿದೆ.”

“ಎಷ್ಟು ಹೊತ್ತು ಹಿಡೀತು?”

“ವಾರ ಪೂರ್ತಿ.”

“ನಿಜವಾದ ಗೋಡೆ ಮೇಲೆ ಬರೆಸೋಕೆ?”

“ಒಂದು ಬೆಳಗ್ಗೆ ಸಾಕಿತ್ತು.”

“ಪಾಪ, ನಿಂಗೆ ಪುರುಸೊತ್ತೆಲ್ಲಿ. ಮೂಗಿಗಿಂತ ಮೂಗುತಿ ಭಾರ.”

“ಅಮ್ಮ ತೀರ್ಕೊಂಡಾಗಿಂದ ಅಪ್ಪ ದಿನಾ ಕೇಳೋರು, ಹೆಸರು ಬರೆಸಿದ್ಯಾ ಅಂತ. ಫೋಟೊ ಕಳಿಸಿದ್ರೆ ಸುಮ್ಮನಾಗ್ತಾರೆ ಅಂದ್ಕೊಂಡೆ. ಹೊರಟೇ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?”

“ಹೌದಪ್ಪ, ತಪ್ಪು ಅವರದ್ದೇ. ಹೆಂಡತಿ ಹೆಸರು ನೋಡೋಕೆ ಯಾರಾದ್ರೂ ಬರ್ತಾರಾ?”

ಬಸ್ಸು ಬಂತು. ಅದರಿಂದಿಳಿದ ಅವರ ಅಪ್ಪ ಕೈಚೀಲವನ್ನು ಮಗನಿಗೆ ಕೊಟ್ಟರು.

“ಮನೆಗೆ ಆಮೇಲೆ ಹೋಗೋಣ, ಮೊದಲು ಅಂಗಡಿಗೆ ನಡಿ. ಅವಳ ಹೆಸರನ್ನ ಒಂದ್ಸಲ ಕೈಯಲ್ಲಿ ಮುಟ್ಟಬೇಕು ಕಣೋ.”

ತಮ್ಮ, ಅಕ್ಕನ ಮುಖ ನೋಡಿದ.

“ಕರ್ಕೊಂಡು ಹೋಗೋ,” ಎಂದಳು ಅಕ್ಕ. “ಮುಟ್ಟಿಸು.”

ಮೂವರೂ ರಸ್ತೆ ದಾಟಿದರು. ಅಪ್ಪನೇ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು.