ಹನ್ನೊಂದು ಸೆಕೆಂಡುಗಳ ಮೌನ

ಸಭೆಯ ಅಧ್ಯಕ್ಷತೆ ವಹಿಸಿರುವ ಬಂದರಿನ ಮುಖ್ಯ ವ್ಯವಸ್ಥಾಪಕರೇ, ಹೊಸ ಕ್ಯಾಮೆರಾ ವ್ಯವಸ್ಥೆಯನ್ನು ಉದ್ಘಾಟಿಸಲು ಬಂದಿರುವ ಮುಖ್ಯ ಅತಿಥಿಗಳೇ, ಸುರಕ್ಷತಾ ವಿಭಾಗದ ಅಧಿಕಾರಿಗಳೇ, ಸಹೋದ್ಯೋಗಿಗಳೇ, ಅವರ ಮನೆಯವರೇ, ಫ್ಯಾನಿನ ಕೆಳಗೆ ಜಾಗ ಸಿಗದೆ ಬಾಗಿಲ ಬಳಿ ನಿಂತಿರುವ ಸಭಿಕರೇ,

ಈ ವರ್ಷದ ಸುರಕ್ಷತಾ ಪ್ರಶಸ್ತಿಯನ್ನು ನನಗೆ ಕೊಡುವುದೆಂದು ತೀರ್ಮಾನಿಸಿದ್ದೀರಿ. ಫಲಕ ಮೇಜಿನ ಮೇಲಿದೆ. ನನ್ನ ಮಾತು ಮುಗಿದ ಮೇಲೆ ಅದನ್ನು ಕೊಡುವುದಾಗಿ ಕಾರ್ಯಕ್ರಮ ಪಟ್ಟಿಯಲ್ಲಿದೆ. ಹಾಗಿರುವುದು ಒಳ್ಳೆಯದೇ ಆಯಿತು. ಅದೇ ಪಟ್ಟಿಯಲ್ಲಿ ನನ್ನ ಪಾಲಿಗೆ ‘ತಂತ್ರಜ್ಞಾನ ಮತ್ತು ಮಾನವ ಸಂಬಂಧ’ ಎಂಬ ವಿಷಯ ಬಂದಿದೆ. ತಂತ್ರಜ್ಞಾನದಲ್ಲಿ ನನಗೆ ಗೊತ್ತಿರುವುದು ಒಂದು ಕ್ರೇನು, ಒಂದು ವಾಕಿಟಾಕಿ. ಮಾನವ ಸಂಬಂಧದಲ್ಲಿ ಅಷ್ಟೂ ಗೊತ್ತಿಲ್ಲ ಎಂದು ಮೂರನೆಯ ಸಾಲಿನಲ್ಲಿ ಕುಳಿತಿರುವ ನನ್ನ ಹೆಂಡತಿ ಈಗಾಗಲೇ ಪಕ್ಕದವರಿಗೆ ಹೇಳಿರುತ್ತಾಳೆ.

ಮನೆಯವರು ಬಂದಿರುವುದರಿಂದ ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಾನು ಮೂರನೇ ನಂಬರಿನ ಕ್ರೇನ್ ನಡೆಸುವವನು. ನನ್ನ ಕ್ಯಾಬಿನ್ ನೆಲದಿಂದ ಮೂವತ್ತೆರಡು ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಇಡೀ ಬಂದರು ಕಾಣುತ್ತದೆ, ನಾನು ಸರಕನ್ನು ಇಳಿಸಬೇಕಾದ ಜಾಗವೊಂದನ್ನು ಬಿಟ್ಟು. ಹಡಗಿನ ಒಡಲು ಆಳವಾದದ್ದು. ಅದರ ಅಂಚಿನಿಂದ ಕೆಳಗೆ ಏನಿದೆಯೋ ನನಗೆ ಕಾಣುವುದಿಲ್ಲ. ಆದ್ದರಿಂದ ಡೆಕ್ಕಿನ ಮೇಲೆ ಒಬ್ಬ ಸಿಗ್ನಲ್‌ಮ್ಯಾನ್ ನಿಂತಿರುತ್ತಾನೆ. ಅವನು ಒಳಗೆ ಬಗ್ಗಿ ನೋಡುತ್ತಾ ವಾಕಿಟಾಕಿಯಲ್ಲಿ ‘ಇಳಿಸು, ಇಳಿಸು, ಇಳಿಸು’ ಎಂದು ಬಿಡದೆ ಹೇಳುತ್ತಿರಬೇಕು. ಅವನ ದನಿ ಬರುತ್ತಿರುವವರೆಗೆ ನಾನು ಇಳಿಸುತ್ತಿರಬೇಕು. ದನಿ ನಿಂತರೆ, ಕಾರಣ ಏನೇ ಇರಲಿ, ನಾನೂ ನಿಲ್ಲಿಸಬೇಕು. ಇಷ್ಟೇ ನಿಯಮ.

ವಾಕಿಟಾಕಿಯ ಬಗ್ಗೆ ಇನ್ನೊಂದು ಮಾತು. ಅದರಲ್ಲಿ ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಇನ್ನೊಬ್ಬರು ಮಾತಾಡಲಾಗುವುದಿಲ್ಲ. ಇಬ್ಬರೂ ಒತ್ತಿದರೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅಂದರೆ ಅದು ಜಗಳಕ್ಕೆ ಬಾರದ ಯಂತ್ರ. ಒಡಲಿಗೆ ಸರಕು ಇಳಿಯುವಷ್ಟು ಹೊತ್ತೂ ಕೆಳಗಿನವನ ಬೆರಳು ಗುಂಡಿಯ ಮೇಲಿರುತ್ತದೆ. ಅವನು ಹೇಳುತ್ತಾನೆ, ನಾನು ಮಾಡುತ್ತೇನೆ. ನನ್ನ ಉತ್ತರ ಎಂದರೆ ಹಗ್ಗ ಇಳಿಯುವುದು.

ನಾಲ್ಕು ತಿಂಗಳ ಹಿಂದಿನವರೆಗೆ, ಆರು ವರ್ಷ, ಮೂರನೇ ಕ್ರೇನಿನ ಸಿಗ್ನಲ್‌ಮ್ಯಾನ್ ಆಗಿದ್ದವನು ನನ್ನ ತಮ್ಮ. ಆ ಆರು ವರ್ಷ ನಾವಿಬ್ಬರೂ ಮಾತು ಬಿಟ್ಟಿದ್ದೆವು.

ನಗುತ್ತೀರಿ. ನಗುವಂಥದ್ದೇ. ದಿನಕ್ಕೆ ಎಂಟು ಗಂಟೆ ಒಬ್ಬರ ಕಿವಿಯಲ್ಲಿ ಒಬ್ಬರು ಇರುತ್ತಿದ್ದೆವು, ಗೇಟು ದಾಟಿದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವನು ನನ್ನನ್ನು ‘ಕ್ರೇನ್ ಮೂರು’ ಎನ್ನುತ್ತಿದ್ದ, ನಾನು ಅವನನ್ನು ‘ಡೆಕ್’ ಎನ್ನುತ್ತಿದ್ದೆ. ಅಣ್ಣ, ತಮ್ಮ ಎಂಬ ಪದಗಳು ನಮ್ಮ ಕೈಪಿಡಿಯಲ್ಲಿ ಇಲ್ಲ. ಆದರೂ ಅವನ ವಿಷಯ ನನಗೆ ಎಲ್ಲ ಗೊತ್ತಾಗುತ್ತಿತ್ತು. ಸಂಜೆ ನನ್ನ ಹೆಂಡತಿ ಕೇಳುತ್ತಿದ್ದಳು:

“ನಿಮ್ಮ ತಮ್ಮ ಹೇಗಿದಾನೆ?”

“ನೆಗಡಿ ಆಗಿದೆ. ರಾತ್ರಿ ನಿದ್ದೆ ಮಾಡಿಲ್ಲ.”

“ಮಾತಾಡಿದ್ರಾ?”

“ಇಲ್ಲಪ್ಪ.”

“ದೇವರೇ, ಇದೆಂಥ ಸಂಸಾರ,” ಎಂದು ಒಳಗೆ ಹೋಗುತ್ತಿದ್ದಳು.

ನಮ್ಮ ತಾಯಿ ತಮ್ಮನ ಮನೆಯಲ್ಲಿದ್ದಳು. ಅವನು ಅಂಗಡಿಗೆಂದು ಹೊರಗೆ ಹೋಗುವ ಹೊತ್ತು ನೋಡಿಕೊಂಡು ಭಾನುವಾರ ನಾನು ಅವಳನ್ನು ಕಾಣಲು ಹೋಗುತ್ತಿದ್ದೆ. ಅವನೂ ನಾನು ಬರುವ ಹೊತ್ತು ನೋಡಿಕೊಂಡೇ ಅಂಗಡಿಗೆ ಹೋಗುತ್ತಿದ್ದ ಎಂದು ಕಾಣುತ್ತದೆ. ಎರಡು ಗಂಟೆ ಹಿಡಿಯುವಂಥ ಸಾಮಾನು ಅಲ್ಲಿ ಏನಿತ್ತು? ಅವ್ವ ಪ್ರತಿ ವಾರ ಅದೇ ಪ್ರಶ್ನೆ ಕೇಳುತ್ತಿದ್ದಳು.

“ಅವನು ಈ ವಾರ ಏನಂದ ನಿಂಗೆ?”

“ಇಳಿಸು ಅಂದ.”

“ನೀನೇನ್ ಮಾಡ್ದೆ?”

“ಇಳಿಸ್ದೆ.”

“ಮತ್ತಿನ್ನೇನೋ ಬೇಕು? ದೊಡ್ಡೋನು ಚಿಕ್ಕೋನ ಮಾತು ಕೇಳೋ ಮನೆ ಎಲ್ಲಿದೆ ತೋರ್ಸು. ನಾನು ಒಳ್ಳೇ ಮಕ್ಕಳನ್ನೇ ಹೆತ್ತಿದೀನಿ.”

ಜಗಳ ಯಾವುದಕ್ಕೆ ಎಂದು ನೀವು ಕೇಳಬಹುದು. ಸಣ್ಣ ವಿಷಯ. ಮೂರನೇ ಕ್ರೇನಿನ ಆಪರೇಟರ್ ಕೆಲಸಕ್ಕೆ ಪರೀಕ್ಷೆ ಇತ್ತು. ನಾವಿಬ್ಬರೂ ಬರೆದೆವು, ಇಬ್ಬರೂ ಪಾಸಾದೆವು. ಪರೀಕ್ಷಕರು ಹೊರಗೆ ಬಂದು, “ನಿಮ್ಮ ತಮ್ಮನಿಗೆ ಎತ್ತರ ಅಂದ್ರೆ ಭಯ ಗಿಯ ಇಲ್ಲ ತಾನೆ?” ಎಂದು ಮಾತಿನ ನಡುವೆ ಕೇಳಿದರು. ಚಿಕ್ಕಂದಿನಲ್ಲಿ ಒಮ್ಮೆ ನೀರಿನ ಟ್ಯಾಂಕಿನ ಏಣಿ ಹತ್ತುವಾಗ ಅವನು ಅರ್ಧದಲ್ಲೇ ಹೆಪ್ಪುಗಟ್ಟಿ ನಿಂತಿದ್ದ. ಅಪ್ಪ ಹೋಗಿ ಇಳಿಸಿಕೊಂಡು ಬಂದಿದ್ದರು. ನಾನು ಅದನ್ನು ಹೇಳಿದೆ. ನಿಜವನ್ನೇ ಹೇಳಿದೆ. ಆಗ ಅವನಿಗೆ ಏಳು ವರ್ಷ ಎಂಬುದನ್ನು ಹೇಳಲಿಲ್ಲ. ಅವರು ಅದನ್ನು ಕೇಳಲೂ ಇಲ್ಲ. ಕೆಲಸ ನನಗೆ ಸಿಕ್ಕಿತು, ಕಾರಣ ತಮ್ಮನಿಗೆ ತಿಳಿಯಿತು.

ಇದನ್ನು ಹೇಳಬೇಕೆಂದು ನಾನು ಇಲ್ಲಿಗೆ ಬಂದಿರಲಿಲ್ಲ. ಬಾಯಿಗೆ ಬಂದಿದೆ, ಇರಲಿ. ಕ್ಯಾಬಿನ್ನಿನಲ್ಲಿ ಇರುವುದು ಒಂದೇ ಕುರ್ಚಿ. ಅದು ಸುರಕ್ಷತೆಯ ಮಾತಾಗಿತ್ತೇ, ಕುರ್ಚಿಯ ಮಾತಾಗಿತ್ತೇ? ಆರು ವರ್ಷ ಆ ಕುರ್ಚಿಯಲ್ಲೇ ಕುಳಿತು ಯೋಚಿಸಿದ್ದೇನೆ. ಮೊದಲನೆಯದು ಎಂದು ಹೇಳಲು ನನ್ನಿಂದ ಆಗಿಲ್ಲ.

ಇನ್ನು ಪ್ರಶಸ್ತಿಯ ವಿಷಯ. ನಾಲ್ಕು ತಿಂಗಳ ಹಿಂದೆ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಹದಿನಾಲ್ಕು ಟನ್ನಿನ ಒಂದು ಯಂತ್ರವನ್ನು ಹಡಗಿನ ಒಡಲಿಗೆ ಇಳಿಸುತ್ತಿದ್ದೆ. ಕೆಳಗೆ ಐದು ಜನ ಕೆಲಸಗಾರರಿದ್ದರು. ಅವರಲ್ಲಿ ಮೂವರು ಇಲ್ಲೇ ಕುಳಿತಿದ್ದಾರೆ. ಸರಕು ಅರ್ಧ ಇಳಿದಿತ್ತು. ತಮ್ಮನ ದನಿ ನಿಂತಿತು. ನಾನು ನಿಲ್ಲಿಸಿದೆ. ಯಂತ್ರ ಗಾಳಿಯಲ್ಲಿ ತೂಗುತ್ತಾ ನಿಂತಿತು. ನಮ್ಮ ವಾಕಿಟಾಕಿಯ ಮಾತು, ಕ್ರೇನಿನ ಚಲನೆ ಎಲ್ಲ ಕಚೇರಿಯಲ್ಲಿ ದಾಖಲಾಗುತ್ತದೆ. ದನಿ ನಿಂತ ಅರ್ಧ ಸೆಕೆಂಡಿಗೆ ಕ್ರೇನ್ ನಿಂತಿತೆಂದು ದಾಖಲೆ ಹೇಳುತ್ತದೆ. ನನಗೆ ಪ್ರಶಸ್ತಿ ಬಂದದ್ದು ಆ ಅರ್ಧ ಸೆಕೆಂಡಿಗೆ.

ಮೌನ ಹನ್ನೊಂದು ಸೆಕೆಂಡು ಇತ್ತು. ಅವನು ಗುಂಡಿ ಬಿಟ್ಟಿರಲಿಲ್ಲ. ಗಾಳಿ ಬೀಸುವುದು ಕೇಳಿಸುತ್ತಿತ್ತು. ಅವನ ಉಸಿರು ಕೇಳಿಸುತ್ತಿತ್ತು. ಗುಂಡಿ ಒತ್ತಿಯೇ ಇದ್ದುದರಿಂದ ‘ಏನಾಯ್ತೋ?’ ಎಂದು ಕೇಳಲೂ ನನಗೆ ದಾರಿ ಇರಲಿಲ್ಲ. ಆಮೇಲೆ ಅವನು, “ಕ್ರೇನ್ ಮೂರು, ಇಳಿಸು,” ಎಂದ. ಇಳಿಸು, ಇಳಿಸು, ಸ್ವಲ್ಪ ಎಡಕ್ಕೆ, ಇಳಿಸು. ಯಾವ ದಿನಕ್ಕಿಂತಲೂ ನಿಧಾನವಾಗಿ, ಯಾವ ದಿನಕ್ಕಿಂತಲೂ ಸ್ಪಷ್ಟವಾಗಿ ಹೇಳಿದ. ಒಂಬತ್ತು ನಿಮಿಷ. ಯಂತ್ರ ತಳಕ್ಕೆ ಕುಳಿತಿತು, ಕೊಕ್ಕೆ ಬಿಚ್ಚಿದರು, ಐದೂ ಜನ ಪಕ್ಕಕ್ಕೆ ಸರಿದರು. ಆಗ ಅವನು ಹೇಳಿದ:

“ಅಣ್ಣಾ, ಕೆಳಗೆ ಬಾ. ಅವ್ವ ಹೋದ್ಲು.”

ಪಕ್ಕದ ಮನೆಯವರು ಕಚೇರಿಗೆ ಫೋನ್ ಮಾಡಿದ್ದರಂತೆ. ಕೆಲಸದ ಹೊತ್ತಿನಲ್ಲಿ ನಮ್ಮ ಫೋನುಗಳು ಬೀಗ ಹಾಕಿದ ಕಪಾಟಿನಲ್ಲಿರುತ್ತವೆ. ಅವ್ವ ಹೋಗಿದ್ದು ಒಂಬತ್ತು ನಿಮಿಷ ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನನ್ನ ಕೈಯಲ್ಲಿ ಹದಿನಾಲ್ಕು ಟನ್ನು ಏನಾಗುತ್ತಿತ್ತೋ ನಾನು ಹೇಳಲಾರೆ. ಅವನು ಅದನ್ನು ಯೋಚಿಸಿದ್ದ.

ವಿಚಾರಣೆ ನಡೆಯಿತು. ನನಗೆ ಪ್ರಶಂಸಾ ಪತ್ರ, ಅವನಿಗೆ ಮೆಮೊ. ಮೆಮೊದಲ್ಲಿ ಎರಡು ಆರೋಪ: ಕಾರಣವಿಲ್ಲದೆ ಹನ್ನೊಂದು ಸೆಕೆಂಡು ಸಂಕೇತ ನಿಲ್ಲಿಸಿದ್ದು, ಕೆಲಸದ ವಾಹಿನಿಯಲ್ಲಿ ವೈಯಕ್ತಿಕ ಸಂಬೋಧನೆ ಬಳಸಿದ್ದು. ಎರಡನೆಯದೆಂದರೆ ‘ಅಣ್ಣಾ’. ಅವನು ಉತ್ತರವಾಗಿ ಎರಡೇ ಪದ ಬರೆದುಕೊಟ್ಟ: ‘ನನ್ನ ತಪ್ಪು.’ ಅವನನ್ನು ಗೋದಾಮಿಗೆ ಹಾಕಿದರು. ಈಗ ಕೈಗವಸು, ಹೆಲ್ಮೆಟ್ಟು ಹಂಚುತ್ತಾನೆ. ಸೋಮವಾರದಿಂದ ಅದನ್ನೇ ಕಾಯಂ ಮಾಡುವ ಆದೇಶ ಬರುತ್ತದೆಂದು ಕೇಳಿದ್ದೇನೆ. ಹೊಸ ಕ್ಯಾಮೆರಾ ಬಂದಿರುವುದರಿಂದ ಸಿಗ್ನಲ್‌ಮ್ಯಾನ್ ಸಂಖ್ಯೆ ಕಡಿಮೆ ಮಾಡಬೇಕು. ಮೆಮೊ ಇರುವವನು ಮೊದಲು ಹೋಗುತ್ತಾನೆ. ಕ್ಯಾಮೆರಾದ ಬಗ್ಗೆ ನನ್ನ ತಕರಾರಿಲ್ಲ. ಪರದೆಯ ಮೇಲೆ ಒಡಲಿನ ತಳ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತದೆ. ಜೀವ ಉಳಿಸುವ ವಸ್ತು ಅದು. ಅದಕ್ಕೆ ನೆಗಡಿ ಆಗುವುದಿಲ್ಲ, ಅಷ್ಟೇ.

ಈಗ ಹತ್ತು ನಿಮಿಷ ಮೀರುತ್ತಿದೆ. ನಿರೂಪಕರು ಚೀಟಿ ಕಳಿಸಿದ್ದಾರೆ. ಚೀಟಿಗೆ ವಂದನೆಗಳು, ಇನ್ನೆರಡೇ ನಿಮಿಷ.

ವಿಚಾರಣೆಯಲ್ಲಿ ನನಗೊಂದು ನಮೂನೆ ಕೊಟ್ಟಿದ್ದರು. ಅದರ ಆರನೆಯ ಪ್ರಶ್ನೆ: ‘ಕೆಲಸ ನಡೆಯುವಾಗ ಸಿಗ್ನಲ್‌ಮ್ಯಾನ್ ಬಳಿಗೆ ಬೇರೆ ಯಾರಾದರೂ ಬಂದದ್ದು ಕಂಡಿತೇ?’ ಯಾಕೆ ಈ ಪ್ರಶ್ನೆ ಎಂದರೆ, ಆಗಲೇ ನಾನು ಹೇಳದೆ ಬಿಟ್ಟ ನಿಯಮ ಇನ್ನೊಂದಿದೆ: ಸರಕು ತೂಗುತ್ತಿರುವಾಗ ಅವನ ಹತ್ತಿರ ಯಾರೂ ಹೋಗುವಂತಿಲ್ಲ. ಹೋದದ್ದು ಕಂಡರೆ, ದನಿ ಬರುತ್ತಿದ್ದರೂ ಸರಿಯೆ, ಆಪರೇಟರ್ ತಕ್ಷಣ ನಿಲ್ಲಿಸಬೇಕು. ನಾನು ಆ ಪ್ರಶ್ನೆಯ ಮುಂದೆ ಒಂದು ಅಡ್ಡಗೆರೆ ಎಳೆದೆ. ಸುಳ್ಳು ಬರೆಯಲಿಲ್ಲ, ಗೆರೆ ಎಳೆದೆ. ಓದಿದವರು ‘ಇಲ್ಲ’ ಎಂದು ತಿಳಿದುಕೊಂಡರು. ಹಾಗೆ ತಿಳಿದುಕೊಳ್ಳಲಿ ಎಂದೇ ಎಳೆದದ್ದು.

ನನಗೆ ಕಂಡಿತ್ತು. ಕಚೇರಿಯ ಗುಮಾಸ್ತರು ಬಿಳಿ ಅಂಗಿಯಲ್ಲಿ ಡೆಕ್ಕಿನ ಮೇಲೆ ಓಡಿ ಬಂದರು. ತಮ್ಮನ ಭುಜ ಮುಟ್ಟಿದರು, ಕಿವಿಯ ಹತ್ತಿರ ಬಗ್ಗಿದರು. ಕ್ಯಾಂಟೀನಿನ ಟೋಕನ್ ವಿಷಯವೇನೋ ಎಂದುಕೊಂಡು ನಾನು ಇಳಿಸುತ್ತಲೇ ಇದ್ದೆ. ನಾನು ಕ್ರೇನ್ ನಿಲ್ಲಿಸಿದ್ದು ಅವನ ದನಿ ನಿಂತ ಮೇಲೆ. ನಿಲ್ಲಿಸಬೇಕಾದದ್ದು ಅದಕ್ಕೂ ಮೊದಲು, ಗುಮಾಸ್ತರ ಮೊದಲ ಹೆಜ್ಜೆಗೇ. ಅಂದರೆ ಅರ್ಧ ಸೆಕೆಂಡಿನ ಲೆಕ್ಕ ತಪ್ಪು. ನಿಯಮ ಮುರಿದವನು ನಾನು. ‘ಕಾರಣವಿಲ್ಲದೆ’ ಎಂದು ಅವನ ಮೆಮೊದಲ್ಲಿ ಬರೆದಿರುವುದು, ಕಾರಣವನ್ನು ಕಂಡವನು ಗೆರೆ ಎಳೆದದ್ದರಿಂದ.

ಗುಮಾಸ್ತರು ಸುದ್ದಿ ಹೇಳಿದ್ದು ಸರಕು ಇಳಿದ ಮೇಲೆ ಎಂದು ವಿಚಾರಣೆಯಲ್ಲಿ ಹೇಳಿದ್ದರು. ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಿನ್ನೆ ಅವರ ಮನೆಗೆ ಹೋಗಿ, ನಾಳೆ ಸಭೆಯಲ್ಲಿ ಇದನ್ನು ಹೇಳುತ್ತೇನೆ ಎಂದೆ. “ಹೇಳಿಬಿಡಿ ಸಾರ್,” ಎಂದರು. “ನಿಮ್ಮ ತಮ್ಮ ದಿನಾ ನನಗೂ ಹೆಲ್ಮೆಟ್ಟು ಕೊಡ್ತಾರೆ. ಒಂದು ಮಾತೂ ಕೇಳಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.”

ತಮ್ಮನಿಗೆ ಎಲ್ಲವೂ ಗೊತ್ತಿತ್ತು. ನನ್ನ ಕ್ಯಾಬಿನ್ನಿನ ಗಾಜು ಯಾವ ದಿಕ್ಕಿಗಿದೆ, ಅಲ್ಲಿಂದ ಏನೇನು ಕಾಣುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ‘ನನ್ನ ತಪ್ಪು’ ಎಂದು ಬರೆದ.

ಮಾನ್ಯ ಅಧ್ಯಕ್ಷರೇ, ಆರನೆಯ ಪ್ರಶ್ನೆಗೆ ಹೊಸ ಉತ್ತರವನ್ನು ಬರೆದು, ಸಹಿ ಹಾಕಿ ತಂದಿದ್ದೇನೆ. ಓದುತ್ತೇನೆ: ‘ಹೌದು. ಒಬ್ಬರು ಬಂದದ್ದು ಕಂಡಿತು. ನಾನು ಕ್ರೇನ್ ನಿಲ್ಲಿಸಲಿಲ್ಲ. ಸಿಗ್ನಲ್‌ಮ್ಯಾನ್ ಮೌನಕ್ಕೆ ಕಾರಣವಿತ್ತು. ಆ ಮೌನದ ನಂತರ ಅವನು ಮಾಡಿದ ಕೆಲಸದಲ್ಲಿ ಯಾವ ಲೋಪವೂ ಇಲ್ಲ.’ ಇದನ್ನು ಫಲಕದ ಪಕ್ಕದಲ್ಲಿ ಇಡುತ್ತಿದ್ದೇನೆ. ಫಲಕ ಅಲ್ಲೇ ಇರಲಿ. ಮೆಮೊ ಯಾರ ಹೆಸರಿಗೆ ಬರಬೇಕೆಂದು ಸೋಮವಾರದ ಆದೇಶಕ್ಕೆ ಮೊದಲು ತೀರ್ಮಾನವಾಗಲಿ. ಅಲ್ಲಿಯವರೆಗೆ ನಾನು ಕ್ಯಾಬಿನ್ ಹತ್ತುವುದಿಲ್ಲ. ಪರೀಕ್ಷಕರು ಈ ಸಭೆಯಲ್ಲಿದ್ದರೆ, ಆ ಏಣಿಯ ವಿಷಯದಲ್ಲಿ ಅವರಿಗೂ ಒಂದು ಮಾತು ಬಾಕಿ ಇತ್ತು. ಈಗಾಗಲೇ ಹೇಳಿಯಾಯಿತು.

ಕರೆದವರಿಗೆ, ಕೇಳಿದವರಿಗೆ, ಮೈಕು ಕಿತ್ತುಕೊಳ್ಳದ ನಿರೂಪಕರಿಗೆ ವಂದನೆಗಳು. ಕೊನೆಯದಾಗಿ ಒಂದು ಕೋರಿಕೆ. ಎಡಗಡೆಯ ಸಾಲಿನಲ್ಲಿ ಮೂವರು ನನ್ನ ಮಾತನ್ನು ಫೋನಿನಲ್ಲಿ ಚಿತ್ರೀಕರಿಸುತ್ತಿದ್ದೀರಿ. ಅದು ಇಂದೇ ಬಂದರಿನ ಎಲ್ಲರ ಫೋನಿಗೂ ಹೋಗುತ್ತದೆಂದು ನನಗೆ ಗೊತ್ತು. ಬೇಡ ಎನ್ನುವುದಿಲ್ಲ. ನನ್ನ ತಮ್ಮ ಈಗ ಗೋದಾಮಿನಲ್ಲಿದ್ದಾನೆ, ನಾನು ಇಂದು ಇದನ್ನು ಹೇಳುವುದು ಅವನಿಗೆ ಗೊತ್ತಿಲ್ಲ. ಇಲ್ಲಿಂದ ಗೋದಾಮಿಗೆ ಹನ್ನೆರಡು ನಿಮಿಷದ ದಾರಿ. ದಯವಿಟ್ಟು ಅಷ್ಟು ಹೊತ್ತು ಕಳಿಸಬೇಡಿ. ನಾನು ಊಟಕ್ಕೆ ನಿಲ್ಲುವುದಿಲ್ಲ, ಈಗಲೇ ಹೊರಡುತ್ತೇನೆ.

ಎಲ್ಲರಿಗೂ ನಮಸ್ಕಾರ.