ವಾಸನಿ ಬರದಿದ್ರ ಪಾಸ್

ನಗಬ್ಯಾಡ ಅಂದೆನಲ್ಲ ಶೈಲಾ! ಖರೇನ ಹೇಳಾಕತ್ತೀನಿ... ಮಲ್ಕಾಜ್‌ಗಿರಿ ಲೋಕಲ್ ರೈಲಿನ್ಯಾಗ ನನ್ನ ಸುತ್ತ ಕುಂತವ್ರೆಲ್ಲಾ ಮೂಗು ಅರಳಿಸಾಕತ್ತಿದ್ರು! ಒಬ್ಬಾಕಿ ಮುದುಕಿ, "ಏಮಯ್ಯಾ, ಇಲಾಯ್ಚಿ ಎಂತ?" ಅಂತ ರೇಟೇ ಕೇಳಿಬಿಟ್ಲು. ಬೇಗಂ ಬಜಾರಿನ ಮಸಾಲಿ ವ್ಯಾಪಾರಿ ಮಾಡಿಬಿಟ್ಲು ನಿನ್ನ ಗಂಡನ್ನ! ಮತ್ತ ನಗ್ತಿ? ನಗು, ನಗು. ಏಲಕ್ಕಿ ಎಣ್ಣಿ ಕಾರ್ಖಾನ್ಯಾಗ ದುಡಿಯಾವ್ನ ಅಂಗಿ ಮತ್ತೇನು ನಾರ್ತೈತಿ?

ಈ ಡಬ್ಬಿನಾ? ಸ್ಯಾಂಪಲ್ ಅದು. ಇವತ್ತ ನಾ ಪಾಸ್ ಮಾಡಿದ ಲಾಟಿಂದು, ಆ ಲಾಟಿನ ಪುಡಿ ಅಷ್ಟೂ ನಾಳೆ ಮುಂಜಾನೆ ಪಾಯಸದ ಪಾಕೀಟು ಮಾಡಾವ್ರಿಗೆ ಹೋಗ್ತೈತಿ. ಹೆಂಗ ಮಾಡ್ತಾರಾ? ಅಬ್ಬಾ, ಲಗ್ನಾಗಿ ಆರು ವರ್ಷಕ್ಕ ಕೇಳಿದಿ! ಎಣ್ಣಿನ ಗೋಂದಿನ ನೀರಾಗ ಕಡೀತೀವಿ. ಬಿಸಿ ಗಾಳ್ಯಾಗ ತುಂತುರು ಹಾರಸ್ತೀವಿ. ನೀರು ಆರಿ ಪುಡಿ ಉದರ್ತೈತಿ, ಕಣಕಣದಾಗೂ ಎಣ್ಣಿ ಗೋಂದಿನ ಕೌದಿ ಹೊದ್ದು ಮಲಗಿರ್ತೈತಿ. ಬಿಸಿ ಹಾಲಿಗೆ ಬಿದ್ದಾಗಷ್ಟ ಎದ್ದು ಘಮ್ ಅನ್ನಬೇಕು. ಡಬ್ಬ್ಯಾಗ ವಾಸನಿ ಬಂತೋ, ಎಣ್ಣಿ ಹೊರಗ ಬಿದ್ದೈತಿ, ಲಾಟು ಕೆಟ್ಟೈತಿ. ಬರ್ಲಿಲ್ಲೋ, ಪಾಸ್! ಇಷ್ಟ ನನ್ನ ವಿದ್ಯಾ. ಇದಕ್ಕ "ವೈಜನಾಥ, ಸೀನಿಯರ್ ಟೆಸ್ಟರ್" ಅಂತ ಎದಿ ಮ್ಯಾಲೆ ಬಿಲ್ಲೆ ಬ್ಯಾರೆ. ಮೂಗಿಗಿಂತ ಮೂಗುತಿ ಭಾರ!

ಆದ್ರ ಕೇಳು... ಮೂರು ತಿಂಗಳಾತು, ಒಂದ ಲಾಟೂ ಫೇಲಿಲ್ಲ. ಬಸವಲಿಂಗಪ್ಪ ಸಾಹೇಬ್ರು ಬೆನ್ನು ಚಪ್ಪರಿಸಿ, "ಭಾರಿ ಮೂಗ್ರಿ ನಿಮ್ದು" ಅಂದ್ರು!

ಯಾರು ಬಾಗಲದಾಗ? ಪಕ್ಕದ ಮನಿ ಗುಂಡಮ್ಮಾರಾ? ಬರ್ರಿ, ಬರ್ರಿ... ಏನು? ಬಾಗಲತನಾ ಘಮ್ ಅಂತೈತಾ, ಏಲಕ್ಕಿ ಹಾಕಿ ಪಾಯಸಾ? ಇಲ್ರಿ, ಅನ್ನ, ಸಾರು ಅಷ್ಟ... ಹೋದ್ರು ನೋಡು. ಎಲ್ಲಿ ಪಾಯಸ, ಎಲ್ಲಿ ಏಲಕ್ಕಿ!

ನೀ ಯಾಕ ನಗೂದು ನಿಲ್ಲಿಸಿದಿ? ಡಬ್ಬಿ ಮುಚ್ಚಳ ತೆಗದು ಯಾಕ ಹಿಂಗ ನನ್ನ ಮೂಗಿಗೆ ಹಿಡೀತಿ? ಮೂಸ್ಬೇಕಾ? ತಗೋ, ಮೂಸಿದೆ. ಏನೂ ಇಲ್ಲ. ಪಾಸ್!

...ಶೈಲಾ? ಹಂಗ ನೋಡಬ್ಯಾಡ. ಏನು? ಡಬ್ಬಿ ಘಮ್ ಅನ್ನಾಕತ್ತೈತಾ? ಬೈಯರ ಬೈ ಮಾರಾಯ್ತಿ...

ಹೂಂ. ಮೂರು ತಿಂಗಳ ಹಿಂದ ಆ ಜ್ವರ ಬಂದಿತ್ತಲ್ಲ, ಅವತ್ತಿಂದ ಮೂಗಿಗೆ ಏನೂ ತಿಳಿಯಾಂಗಿಲ್ಲ. ಏಲಕ್ಕಿನೂ ಇಲ್ಲ, ಫಿನಾಯಿಲೂ ಇಲ್ಲ. ಯಾವ ಡಬ್ಬಿ ತೆಗದ್ರೂ ವಾಸನಿ ಇಲ್ಲ... ಅಂದ್ಮ್ಯಾಲೆ ಎಲ್ಲಾ ಪಾಸ್! ಮೂಗು ಸತ್ತಾವ್ನ ಕೆಲಸಕ್ಕ ಯಾರು ಇಟ್ಕೋತಾರ ಹೇಳು? ಅಂಜಿದೆ. ಭಾಳ ಅಂಜಿದೆ. ಮುಂಜಾನೆ ಲಾರಿ ಹೊರಡೂ ಮುಂಚೇನ ಸಾಹೇಬ್ರಿಗೆ ಹೇಳ್ತೀನಿ. ನಿನ್ನಾಣಿ. ಹೋದ್ರ ಹೋಗ್ಲಿ ಕೆಲಸ.

ಅದಲ್ಲ ಶೈಲಾ... ಪಿಂಕಿ ಹುಟ್ಟಿ ಎರಡು ತಿಂಗಳಾತು. ನೀ ಆಕಿ ನೆತ್ತಿ ಮೂಸಿ ಕಣ್ಣು ಮುಚ್ತಿ. ನಿಮ್ಮವ್ವಾರೂ ಮೂಸ್ತಾರ. ನಾನೂ ಮೂಸಿ "ಆಹಾ" ಅಂತೀನಿ... ಬರೇ ಸುಳ್ಳು. ಹೆಂಗಿರ್ತೈತಿ ನಮ್ಮ ಕೂಸಿನ ವಾಸನಿ? ನೀನರ ಹೇಳು.